ಆನೈಮಲೈ ತನಕ ಕಾಣುವ ಬಲ್ಬು

ಕಾರಿನ ಬಿಡಿಭಾಗ ಮಾರುವ ಆ ಅಂಗಡಿಯಲ್ಲಿ ಅವತ್ತು ಸ್ಟೂಲಿನ ಮೇಲೆ ನಮ್ಮ ಅತ್ತೆ ಕೂತಿದ್ದರು. ಕೌಂಟರಿಗೆ ಮೊಣಕೈ ಊರಿ ನಮ್ಮವರು ನಿಂತಿದ್ದರು. ಇಬ್ಬರ ಹಿಂದೆ, ಅತ್ತೆಯ ಕೈಚೀಲ ಹಿಡಿದುಕೊಂಡು, ನಾನು. ಮೈದುನ ಸುರೇಶ ತಿರುಪ್ಪೂರಿನಿಂದ ವಿಡಿಯೋ ಕಾಲ್‌ನಲ್ಲಿ ಹಾಜರಿದ್ದ. ಅವನನ್ನು ಒಂದು ಗ್ರೀಸ್ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದೆವು. ಇಷ್ಟು ಜನ ಸೇರಿ ಏನು ವ್ಯಾಪಾರ ಅಂತೀರಾ? ಕಾರಿಗೆ ಹೆಡ್‌ಲೈಟ್ ಬಲ್ಬು.

(ನಮ್ಮ ಮನೆಯಲ್ಲಿ ಹುಡುಗಿ ನೋಡೋಕೆ ಹೋದಾಗಲೂ ಇಷ್ಟು ಜನ ಹೋಗಿರಲಿಲ್ಲ. ನನ್ನನ್ನು ನೋಡೋಕೆ ಬಂದಿದ್ದು ಇಬ್ಬರೇ.)

"ಎವ್ವಳವು ವೆಳಿಚ್ಚಂ ವೇಣುಂಗ?" ಎಂದ ಅಂಗಡಿಯವನು. ಎಷ್ಟು ಬೆಳಕು ಬೇಕು ಅಂತ.

ನಮ್ಮವರು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ಇಲ್ಲಿ ನಿಂತು ಹಾಕಿದ್ರೆ ಆನೈಮಲೈ ಕಾಣಬೇಕು."

ನಾವಿರುವುದು ಪೋತ್ತನೂರು. ಆನೈಮಲೈ ಎಂದರೆ ಕಿಣತ್ತುಕಡವು ದಾಟಿ, ಪೊಳ್ಳಾಚ್ಚಿ ದಾಟಿ, ಆಮೇಲೂ ಹೋಗಬೇಕು. ಅಂಗಡಿಯವನು ನಗಲಿಲ್ಲ. ವ್ಯಾಪಾರ ಬಲ್ಲವನು. "ಇರುಕ್ಕುಂಗಮ್ಮಾ," ಅಂದ. ಇದೆ ತಾಯಿ.

ಅತ್ತೆಗೆ ಬೆಳಕಿನ ಮೇಲೆ ಇಷ್ಟು ಆಸೆ ಯಾಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಅತ್ತೆ ಪ್ರತಿ ಅಮಾವಾಸ್ಯೆಗೂ ಆನೈಮಲೈಯ ಗುಡಿಯಲ್ಲಿ ಉದ್ದಕ್ಕೆ ಮಲಗಿರುವ ಮಾಸಾಣಿ ಅಮ್ಮನ ದರ್ಶನಕ್ಕೆ ಹೋಗುತ್ತಾರೆ. ಇದು ಭಕ್ತಿ. ದರ್ಶನ ಮುಗಿಸಿ ಊರಾಚೆಯ ತೆಂಗಿನ ತೋಟದಲ್ಲಿರುವ ತಂಗಿಯ ಮನೆಗೆ ಹೋಗುತ್ತಾರೆ. ಇದು ಭಕ್ತಿಗಿಂತ ದೊಡ್ಡದು. ನನಗೆ ಆಕೆ ಚಿಕ್ಕತ್ತೆ. ಅಕ್ಕತಂಗಿಯರಿಬ್ಬರೂ ತಿಂಗಳಿಗೊಮ್ಮೆ ಎದುರು ಬದುರು ಕೂತು ಜಗಳವಾಡದಿದ್ದರೆ ಇಬ್ಬರಿಗೂ ಅನ್ನ ಇಳಿಯುವುದಿಲ್ಲ. ಸಾರಿನ ಉಪ್ಪಿನಿಂದ ಶುರುವಾಗಿ, ಅವರ ಅಪ್ಪ ಯಾರಿಗೆ ಯಾವ ಓಲೆ ಮಾಡಿಸಿದ ಎಂಬಲ್ಲಿಗೆ ಹೋಗಿ, ಕೊನೆಗೆ "ಬರೋ ಅಮಾವಾಸ್ಯೆಗೆ ಬಾ, ಹೇಳ್ತೀನಿ" ಎಂಬಲ್ಲಿಗೆ ನಿಲ್ಲುತ್ತದೆ.

ಫೋನಿನಲ್ಲಿ ಜಗಳವಾಡಬಾರದೇ? ಕೇಳಿದ್ದೇನೆ. "ಫೋನಲ್ಲಿ ಅವಳ ಮೊಕ ಕಾಣಲ್ಲ, ಸೋತ್ಳೋ ಗೆದ್ಲೋ ಹೆಂಗೆ ಗೊತ್ತಾಗೋದು?" ಅಂತಾರೆ ಅತ್ತೆ. ಹಾಗಾದರೆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಬರಬಾರದೇ? "ರಾತ್ರಿಯೆಲ್ಲ ಮಾತಾಡಿದ್ರೆ ಎಲ್ಲಾ ಮುಗಿದೋಗುತ್ತೆ ಕಣೇ. ಮುಂದಿನ ತಿಂಗಳಿಗೆ ಏನಿರುತ್ತೆ?"

ಆದ್ದರಿಂದ ಅಮಾವಾಸ್ಯೆಯಂದು ಬೆಳಿಗ್ಗೆ ಹೊರಟು, ಕ್ಯೂ ನಿಂತು, ಜಗಳ ಮುಗಿಸಿ, ಹೊತ್ತು ಮುಳುಗಿದ ಮೇಲೆ ವಾಪಸು. ಅಮಾವಾಸ್ಯೆ ಎಂದರೆ ಗೊತ್ತಲ್ಲ? ಆಕಾಶದಲ್ಲಿ ಚಂದ್ರನೂ ರಜೆ ಹಾಕಿರುತ್ತಾನೆ. ತಿಂಗಳಿಡೀ ಬೀದಿ ದೀಪದ ಕೆಳಗೆ ತರಕಾರಿಗೆ ಹೋಗಿಬರುವ ನಮ್ಮ ಕಾರು, ನಿಜಕ್ಕೂ ಹೆಡ್‌ಲೈಟ್ ಬೇಕಾಗುವ ಒಂದೇ ದಿನ ಆರಿಸಿಕೊಂಡು ಹೆದ್ದಾರಿಗೆ ಇಳಿಯುತ್ತದೆ.

ಹಿಂದಿನ ಅಮಾವಾಸ್ಯೆಗೆ ವಾಪಸು ಬರುವಾಗ, ಪೊಳ್ಳಾಚ್ಚಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಮುಂದೆ ಕತ್ತಲು ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಅದು ಕತ್ತಲಲ್ಲ, ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು. ಹಿಂದೆ ಕೆಂಪು ದೀಪವಿಲ್ಲ. ನಮ್ಮವರು ಬ್ರೇಕಿನ ಮೇಲೆ ಎದ್ದು ನಿಂತರು. ಅತ್ತೆಯ ಮಡಿಲಿನ ಪ್ರಸಾದದ ನಿಂಬೆಹಣ್ಣು ಹಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹಿಂದೆ ಕೂತಿದ್ದ ನಾನು ಅತ್ತೆಯ ಸೀಟನ್ನು ತಬ್ಬಿಕೊಂಡೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಟ್ರ್ಯಾಕ್ಟರಿನ ಮೇಲೆ ಕಾಯಿಗಳ ನಡುವೆ ಕೂತಿದ್ದವನು ನಮ್ಮ ಕಡೆ ಬಗ್ಗಿ ಒಂದು ಮಾತು ಹೇಳಿದ: "ಏಂಗ, ಲೈಟೇ ಪೋಡಲಿಯಾ?"

ಲೈಟೇ ಹಾಕಿಲ್ಲವಾ! ಹಾಕಿತ್ತು. ಅದೇ ಅವಮಾನ.

ನಮ್ಮವರು ಇಡೀ ಸರ್ವಿಸನ್ನು ರೈಲ್ವೆ ಸಿಗ್ನಲ್ ದೀಪಗಳ ರಿಪೇರಿಯಲ್ಲಿ ಕಳೆದವರು. ಅವರ ಬಳಿ ಬೆಳಕಿನ ವಿಷಯ ಎತ್ತಿದರೆ ಊಟ ಆರಿಹೋಗುತ್ತದೆ. ಅಂಥವರಿಗೆ ಯಾರೋ ತೆಂಗಿನಕಾಯಿ ರಾಶಿಯ ಮೇಲೆ ಕೂತವನು ಲೈಟ್ ಹಾಕಿ ಅನ್ನುವುದೇ? ಮನೆ ಸೇರಿದವರೇ ತೀರ್ಪು ಕೊಟ್ಟರು. "ಅಮ್ಮಾ, ಬೆಳಕು ಸರಿಹೋದ್ರೆ ಆನೈಮಲೈ. ಇಲ್ಲಾಂದ್ರೆ ಇನ್ನ ಅಮಾವಾಸ್ಯೆ ಮನೇಲೇ."

ಮಾರನೆಯ ದಿನ ಅತ್ತೆ ನಮ್ಮೆಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದರು. "ಹೊರಡು, ಬಲ್ಬು ಅಂಗಡಿಗೆ."

ಈಗ ಮತ್ತೆ ಅಂಗಡಿಗೆ ಬನ್ನಿ.

ಅಂಗಡಿಯವನು ಒಂದು ಡಬ್ಬಿ ತೆಗೆದ. ಕಂಪನಿಯ ಬಲ್ಬು ಅರವತ್ತು ವ್ಯಾಟ್, ಇದು ನೂರು. "ಜೊತೆಗೆ ರಿಲೇ ವೈರಿಂಗ್ ಹಾಕಿಸಿಕೊಳ್ಳಿ ಸಾರ್, ಇಲ್ಲದಿದ್ದರೆ ಹೋಲ್ಡರ್ ಬಿಸಿಯಾಗುತ್ತೆ" ಎಂದು ತಮಿಳಿನಲ್ಲಿ ಒಂದಕ್ಕೆರಡು ಬಾರಿ ಹೇಳಿದ. ನಮ್ಮವರು ಕೈಯಾಡಿಸಿದರು. ಸಿಗ್ನಲ್ ಕಂಡವರಿಗೆ ರಿಲೇ ಹೇಳಿಕೊಡುವುದೇ? ಗ್ರೀಸ್ ಡಬ್ಬಿಗೆ ಒರಗಿದ್ದ ಸುರೇಶ ಅಲ್ಲಿಂದಲೇ ಕೂಗಿದ, "ಅಣ್ಣಾ, ಹ್ಯಾಲೊಜನ್ ಹಳೇ ಕಾಲದ್ದು. ಎಲ್‌ಇಡಿ ಹಾಕು. ನಾನು ಆರು ವಿಡಿಯೋ ನೋಡಿದೀನಿ." ನಮ್ಮವರು ಫೋನನ್ನು ಮಗುಚಿ ಮಲಗಿಸಿದರು. ಅಣ್ಣತಮ್ಮಂದಿರ ಚರ್ಚೆ ನಮ್ಮಲ್ಲಿ ಹೀಗೇ ಮುಗಿಯುವುದು.

ಬಲ್ಬು ಬದಲಿಸಲು ಅಂಗಡಿಯವನು ಕಾರಿನ ಬಳಿ ಬಂದ. ಹೆಡ್‌ಲೈಟ್ ನೋಡಿದ. ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಹಿಂದಕ್ಕೆ ಹಿಡಿದುಕೊಂಡ. ಚಪ್ಪಲಿ ಬಿಟ್ಟ.

ಯಾಕೆಂದರೆ ನಮ್ಮ ಕಾರಿನ ಹೆಡ್‌ಲೈಟುಗಳೆಂದರೆ ಬರಿಯ ಹೆಡ್‌ಲೈಟುಗಳಲ್ಲ. ಕಾರು ತಂದ ದಿನ ಪೂಜೆಯಲ್ಲಿ ಅತ್ತೆ ಎರಡೂ ದೀಪಕ್ಕೆ ಚಂದನದ ಬೊಟ್ಟಿಟ್ಟಿದ್ದರು. ಎಲ್ಲರೂ ಇಡುತ್ತಾರೆ. ಮರುವಾರ ಎದುರು ಮನೆಯಾಕೆ "ವಂಡಿ ಲಕ್ಷಣವಾಗಿದೆ" ಎಂದು ಗಾಡಿಯನ್ನು ಹೊಗಳಿದಳು. ಅವತ್ತೇ ಸಾಯಂಕಾಲ ಪಂಕ್ಚರ್. ಇನ್ನು ಸುಮ್ಮನಿರುವುದುಂಟೇ? ಅಂದಿನಿಂದ ಪ್ರತಿ ಅಮಾವಾಸ್ಯೆ ಬೆಳಿಗ್ಗೆ, ಅಮ್ಮನ ಗುಡಿಯಿಂದ ಹಿಂದಿನ ಸಲ ತಂದ ಅರಿಶಿನ, ಚಂದನ ಎರಡನ್ನೂ ಕಲಸಿ, ದೋಸೆ ಹಿಟ್ಟಿನ ಹದಕ್ಕೆ ತಂದು, ಎರಡೂ ದೀಪಗಳಿಗೆ ಅಂಗೈ ಅಗಲ ಪೂಸಿ, ನಡುವೆ ಕುಂಕುಮ. ಹಳೆಯದನ್ನು ತೆಗೆಯುವಂತಿಲ್ಲ, ಅದು ಅಮ್ಮನದು. ಹೊಸದು ಅದರ ಮೇಲೆ. ಕಾರು ತೊಳೆಯುವವನೂ ಅಲ್ಲಿಗೆ ಬಂದಾಗ ಪೈಪು ಬೇರೆ ಕಡೆ ತಿರುಗಿಸುತ್ತಾನೆ. ಮಳೆಗೇ ಅದು ಬಗ್ಗುವುದಿಲ್ಲ.

ಅಂಗಡಿಯವನು ಬಾನೆಟ್ ಎತ್ತಿ, ಹಿಂದಿನಿಂದ, ಬೆರಳು ಮಾತ್ರ ಒಳಗೆ ಬಿಟ್ಟು, ಚಂದನಕ್ಕೆ ಸೋಕದಂತೆ ಬಲ್ಬು ಬದಲಿಸಿದ. "ಸಾಮಿ ಚಂದನಂ. ಕೈ ವೆಕ್ಕಕೂಡಾದುಂಗ." ದೇವರ ಚಂದನ, ಕೈ ಇಡಬಾರದು. ಎಂಥ ಸಂಸ್ಕಾರವಂತ ಎಂದು ದಾರಿಯುದ್ದಕ್ಕೂ ಹೊಗಳಿದೆವು. ನಮ್ಮವರೂ ಹೊಗಳಿದರು. ನಾನೂ.

ಕಂಪನಿಯ ಹಳೆಯ ಬಲ್ಬುಗಳನ್ನು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಇಟ್ಟುಕೊಂಡೆವು. ಕೆಟ್ಟಿರದ ವಸ್ತುವನ್ನು ಎಸೆಯಲು ನಮಗೆ ಬರುವುದಿಲ್ಲ.

ಮುಂದಿನ ಅಮಾವಾಸ್ಯೆ. ದರ್ಶನವಾಯಿತು. ಜಗಳವಾಯಿತು. (ಓಲೆಯದೇ. ಅತ್ತೆ ಗೆದ್ದರು ಅಂತ ಅತ್ತೆ, ಚಿಕ್ಕತ್ತೆ ಗೆದ್ದರು ಅಂತ ಚಿಕ್ಕತ್ತೆ.) ವಾಪಸು ಹೊರಟು ದೀಪ ಹಾಕಿದೆವು. ದಾರಿ ಹೆಚ್ಚೇನೂ ಕಾಣಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಕಾರಿನೊಳಗೆ ಒಂದು ಪರಿಮಳ ಬಂತು. ಬೆಚ್ಚಗಿನ ಚಂದನದ ಪರಿಮಳ!

ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. "ಏ ನಾಗು, ಸುಮ್ಮನೆ ಓಡಿಸು. ಅಮ್ಮ ಜೊತೇಲಿ ಬರ್ತಾ ಇದಾಳೆ."

ನನ್ನ ಮೈ ಜುಮ್ಮೆಂದಿತು. ನಿಜ ಹೇಳುತ್ತೇನೆ. ನೀವಾಗಿದ್ದರೂ ಜುಮ್ಮೆನ್ನುತ್ತಿತ್ತು. ಕಗ್ಗತ್ತಲ ದಾರಿ, ಎರಡೂ ಕಡೆ ತೆಂಗು, ಕಿಟಕಿ ಮುಚ್ಚಿದ ಕಾರು, ಎಲ್ಲಿಂದಲೋ ಚಂದನ. ಸಿಗ್ನಲ್ ವರ್ಕ್‌ಶಾಪಿನವರೂ ಒಂದು ಕೈ ಸ್ಟೇರಿಂಗಿನಿಂದ ತೆಗೆದು ಕೆನ್ನೆ ಮುಟ್ಟಿಕೊಂಡರು.

ಕಿಣತ್ತುಕಡವು ಹತ್ತಿರ ಬರುವಾಗ ಪರಿಮಳ ಬದಲಾಯಿತು. ಸ್ವಲ್ಪ ಖಾರ, ಸ್ವಲ್ಪ ಹೊಗೆ.

"ಈಗ ಸಾಂಬ್ರಾಣಿ ಹಾಕಿದಾಳೆ," ಎಂದರು ಅತ್ತೆ, ಸಂತೋಷದಿಂದ.

ಬಲಗಡೆಯ ದೀಪ ಆರಿಹೋಯಿತು.

ಇಳಿದು ನೋಡಿದರೆ ಹೋಲ್ಡರ್ ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು. ನಮ್ಮವರು ಬಹಳ ಹೊತ್ತು ಬಾನೆಟ್ಟಿನೊಳಗೆ ಮುಖ ಹುದುಗಿಸಿದ್ದರು. ಹೋಲ್ಡರ್ ನೋಡುತ್ತಿದ್ದರೋ, ನನ್ನ ಮುಖ ನೋಡಲಾರದೆ ಇದ್ದರೋ ಹೇಳಲಾರೆ. ರಿಲೇ ಎಂಬ ಶಬ್ದವನ್ನು ನಾನು ಎತ್ತಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟಾದರೂ ಕಲಿಯದಿದ್ದರೆ ಹೇಗೆ? ಉಳಿದ ಒಂಟಿ ದೀಪದಲ್ಲಿ, ಒಂದು ಬಸ್ಸಿನ ಹಿಂದೆ ಅಂಟಿಕೊಂಡು, ಮನೆ ಸೇರಿದೆವು.

ಸುರೇಶ ಈಗ ಮಾತಾಡುವ ಹಕ್ಕು ಪಡೆದ. "ಹೇಳಿದ್ನಲ್ಲ ಅಣ್ಣಾ? ಎಲ್‌ಇಡಿ. ಆರು ಸಾವಿರ ಕೆಲ್ವಿನ್. ಹಾಲಿನ ಥರ ಬೆಳಕು."

"ಆರು ಸಾವಿರ ಯಾಕೋ, ನಮ್ಮದು ಒಂದೇ ವಂಡಿ," ಎಂದರು ಅತ್ತೆ. ಆದರೂ ಅಂಗಡಿಗೆ ಈ ಸಲವೂ ಚಪ್ಪಲಿ ಮೊದಲು ಹಾಕಿದ್ದು ಅವರೇ. ಅಂಗಡಿಯವನು ಹೊಸ ಹೋಲ್ಡರ್ ಹಾಕಿ, ಎಲ್‌ಇಡಿ ಹಾಕಿದ. ಮತ್ತೆ ಹಿಂದಿನಿಂದ. ಮತ್ತೆ ಬರಿಗಾಲಲ್ಲಿ. ಊರೊಳಗೆ ಓಡಿಸಿ ನೋಡಿದೆವು. ಬೀದಿ ದೀಪಗಳ ಮಧ್ಯೆ ಯಾವ ಬಲ್ಬಿನ ಯೋಗ್ಯತೆ ತಿಳಿಯುತ್ತದೆ? ನಮ್ಮವರು ಮಾತ್ರ ಗಂಭೀರವಾಗಿ ಹೇಳಿದರು, "ಅಮ್ಮಾ, ಇದೇ ಕೊನೆ. ಇದರಲ್ಲೂ ಕಾಣದಿದ್ರೆ ಇನ್ನ ಮಾತಿಲ್ಲ."

ಅತ್ತೆ ಅದರ ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಹೊಸ ಬಲ್ಬಿಗೆ ಬಲವಾಗಲಿ ಎಂದು ಚಂದನವನ್ನು ಇನ್ನೂ ಒಂದು ಹಿಡಿ ಜಾಸ್ತಿಯೇ ಪೂಸಿದರು.

(ಅತ್ತೆಗೆ ಕನ್ನಡ ಅಕ್ಷರ ಬಾರದು. ನಮ್ಮ ಕಡೆಯ ಹಿರಿಯರು ಅನೇಕರು ಹಾಗೇ. ಕನ್ನಡ ಬಾಯಲ್ಲಿ, ಅಕ್ಷರವೆಲ್ಲ ತಮಿಳಿನಲ್ಲಿ. ಆ ಧೈರ್ಯದಿಂದಲೇ ಇಷ್ಟು ಬರೆಯುತ್ತಿದ್ದೇನೆ. ಯಾರೂ ಓದಿ ಹೇಳಬೇಡಿ.)

ಅವತ್ತು ಕ್ಯೂ ಬಹಳ ಉದ್ದವಿತ್ತು. ಗುಡಿಯಿಂದ ಹೊರಬರುವಾಗ ಆಗಲೇ ಕತ್ತಲಾಗಿತ್ತು. ಚಿಕ್ಕತ್ತೆಯ ತೋಟಕ್ಕೆ ಕಾಲುವೆ ಪಕ್ಕದ ಕಿರುದಾರಿ. ನಮ್ಮವರು ದೀಪ ಹಾಕಿದರು. ಹಾಲಿನ ಬೆಳಕು ಎಲ್ಲಿ? ಮುಂದೆ ಒಂದು ಮಸುಕು ಹಳದಿ, ಅರಿಶಿನದ ನೀರು ಚೆಲ್ಲಿದಂತೆ. ಅದರಾಚೆ ಏನೂ ಇಲ್ಲ. ತಿರುವು ಕಾಣದೆ ಕಾರಿನ ಒಂದು ಚಕ್ರ ಕಾಲುವೆಯ ದಡ ಹತ್ತಿ ಇಳಿಯಿತು. ನಮ್ಮವರು ಕಾರು ನಿಲ್ಲಿಸಿ, ಬೆವರು ಒರೆಸಿಕೊಂಡು, ಮೆಲ್ಲಗೆ ಹೇಳಿದರು.

"ಅಮ್ಮಾ, ಸಾಕು. ಬರೋ ತಿಂಗಳಿಂದ ನಮ್ಮ ಪೋತ್ತನೂರಲ್ಲೇ ಅಮ್ಮನ ಗುಡಿಗೆ ಹೋಗು. ಇಲ್ಲಿಗೆ ಬೇಡ."

ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ಅತ್ತೆ ಒಂದು ಕೈ ನೋಡಿಕೊಳ್ಳುತ್ತಿದ್ದರು. ಇದು ಹೆದರಿದವನ ದನಿ. ಅತ್ತೆ "ಸರಿಯಪ್ಪಾ" ಎಂದರು.

ಚಿಕ್ಕತ್ತೆಯ ಮನೆಯಲ್ಲಿ ಎಲೆ ಹಾಕಿದರು. ಮುದ್ದೆ, ಹುರುಳಿ ಸಾರು. ಅತ್ತೆ ತಲೆ ಬಗ್ಗಿಸಿ ಉಂಡರು. ಚಿಕ್ಕತ್ತೆ ಅಕ್ಕನ ಮುಖವನ್ನೇ ನೋಡುತ್ತಾ ಕಾದರು. ಒಂದು ಮಾತಿಲ್ಲ. ಇನ್ನೊಂದು ಸೌಟು ಬಡಿಸಿ ಕಾದರು. ಮಾತಿಲ್ಲ. ಚಿಕ್ಕತ್ತೆ ನನ್ನ ತೋಳು ಹಿಡಿದು ಒಲೆಮನೆಗೆ ಎಳೆದುಕೊಂಡು ಹೋದರು.

"ಏನಾಯ್ತೇ ನಿಮ್ಮ ಅತ್ತೆಗೆ? ಸಾರಿಗೆ ಬೇಕಂತಲೇ ಉಪ್ಪು ಹಾಕ್ಲಿಲ್ಲ ನಾನು. ಉಪ್ಪಿಲ್ಲ ಅಂತ ಹೇಳ್ಲೇ ಇಲ್ಲ! ಒಡಂಬು ಸರಿ ಇದೆಯಾ?" ಮೈ ಹುಷಾರಿದೆಯಾ ಅಂತ.

ನಾನು ವಿಷಯ ಹೇಳಿದೆ. ಟ್ರ್ಯಾಕ್ಟರು, ನೂರು ವ್ಯಾಟು, ಸಾಂಬ್ರಾಣಿ, ಎಲ್‌ಇಡಿ, ಕಾಲುವೆ, ಕೊನೆಗೆ "ಇನ್ನು ಬೇಡ."

ಚಿಕ್ಕತ್ತೆ ಸೌಟು ಕೆಳಗಿಟ್ಟರು. "ಅಕ್ಕ ಬರಲ್ವಾ?" ಎಂದರು. ಯಾವ ಜಗಳದಲ್ಲೂ ಸೋಲದ ಆ ಮುಖ ಒಂದು ಕ್ಷಣ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಏ ನಾಗೂ! ಆ ದೀಪ ಹಾಕು, ನೋಡೋಣ, ಅದೇನು ಬಂದಿದೆ ಅದಕ್ಕೆ!"

ಕಾರು ನಿಂತಿದ್ದದ್ದು ಕೊಟ್ಟಿಗೆಯ ಸುಣ್ಣದ ಗೋಡೆಯ ಎದುರು. ನಮ್ಮವರು ದೀಪ ಹಾಕಿದರು. ಗೋಡೆಯ ಮೇಲೆ ಎರಡು ಹಳದಿ ಮಸುಕು, ಒಂದೊಂದರ ನಡುವೆ ಕಪ್ಪನೆಯ ದೊಡ್ಡ ಮಚ್ಚೆ.

ಅತ್ತೆ ಜಗಲಿಯಿಂದ ಇಳಿದು ಬಂದು ನೋಡಿದರು. ಕಣ್ಣು ಒದ್ದೆಯಾಯಿತು. "ಏ ಸರಸೂ, ನೋಡೇ. ಅಮ್ಮನ ಮೊಕ! ಕೊನೇ ಸಲ ಅಂತ ದರ್ಶನ ಕೊಡ್ತಾ ಇದಾಳೆ."

ನಮ್ಮವರು ಕೈ ಮುಗಿದರು. ನಾನೂ ಅರ್ಧ ಮುಗಿದೆ.

ಚಿಕ್ಕತ್ತೆ ಮುಗಿಯಲಿಲ್ಲ. ಗೋಡೆ ನೋಡಿದರು. ಕಾರಿನ ಹತ್ತಿರ ಹೋದರು. ಬಗ್ಗಿದರು. ಒಂದು ಬೆರಳಿನ ಉಗುರಿನಿಂದ ದೀಪವನ್ನು ಕೆರೆದರು. ಗೋಡೆಯ ಮೇಲೆ, ಅಮ್ಮನ ಕೆನ್ನೆಯಲ್ಲಿ, ಬೆಳ್ಳಗೆ ಒಂದು ಗೀರು ಮೂಡಿತು.

"ಅಮ್ಮ ಅಲ್ಲಿ ಗುಡೀಲಿ ಆರಾಮಾಗಿ ಮಲಗಿದಾಳೆ ಕಣಕ್ಕಾ. ನಿನ್ನ ವಂಡಿ ಹಿಂದೆ ಓಡಿ ಬರೋಕೆ ಎದ್ದು ಬಂದ್ಲಾ? ಇದು ಅಮ್ಮ ಅಲ್ಲ. ನೀನು ಪೂಸಿರೋ ಚಂದನ!"

ಈ ಮಾತನ್ನು ಸೊಸೆ ಹೇಳುವಂತಿಲ್ಲ. ಮಗ ಹೇಳುವಂತಿಲ್ಲ. ಅಂಗಡಿಯವನಂತೂ ಚಪ್ಪಲಿ ಬಿಟ್ಟು ನಿಂತವನು. ಲೋಕದಲ್ಲಿ ಇದನ್ನು ಹೇಳಬಲ್ಲ ಒಬ್ಬಳೇ ಒಬ್ಬಳು ತಂಗಿ.

ತಂಗಿ ಅಷ್ಟಕ್ಕೇ ಬಿಡುವವಳೇ? "ಚಿಕ್ಕೋಳಿಂದ ನಿನ್ನ ಗುಣ ಇದೇ. ಲಾಂದ್ರದ ಗಾಜು ಮಸಿ ಹಿಡಿದಿದ್ರೆ ಒರೆಸ್ತಿದ್ಯಾ? ಇಲ್ಲ. ಬತ್ತಿ ಏರಿಸೋದು. ಇನ್ನೂ ಮಸಿ. ಇನ್ನೂ ಏರಿಸೋದು. ಸೀಮೆಎಣ್ಣೆ ಎಲ್ಲಾ ಮುಗಿಸಿ, 'ಅವ್ವಾ, ಈ ಲಾಂದ್ರ ಸರಿ ಇಲ್ಲ' ಅಂತ ಅಳೋದು. ಏಟು ತಿಂದಿದ್ದು ಯಾರು? ನಾನು! ಗಾಜು ಒರೆಸಿಲ್ಲ ಅಂತ!"

"ಒರೆಸೋ ಸರದಿ ನಿನ್ನದೇ ಆಗಿತ್ತು," ಎಂದರು ಅತ್ತೆ.

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಜಗಳ ಶುರುವಾಗಿತ್ತು. ದೇವರು ದೊಡ್ಡವನು.

"ನನ್ನ ಸರದಿ ಶುಕ್ರವಾರ!"

"ಸೋಮವಾರ!"

ಸಾಕಷ್ಟು ಹೊತ್ತು ಆಯಿತು. ಹಸು ಎದ್ದು ನಿಂತು ಕೇಳಿತು. ಕೊನೆಗೆ ಅತ್ತೆಯೇ ತಂಗಿಯನ್ನು ಪಕ್ಕಕ್ಕೆ ತಳ್ಳಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಒದ್ದೆ ಬಟ್ಟೆ ತರಲು ಹೊರಟೆ. "ಬಟ್ಟೆ ಬೇಡ. ಅಮ್ಮನ ಪ್ರಸಾದ ಕೊಚ್ಚೆಗೆ ಹೋಗಬಾರ್ದು. ತೆಂಗಿನೆಣ್ಣೆ ತಾ, ಒಂದು ಚಿಪ್ಪು ತಾ." ಮಗುವಿನ ತಲೆಗೆ ಎಣ್ಣೆ ತಟ್ಟುವಂತೆ ತಟ್ಟಿ, ನೆನೆಸಿ, ಬೆರಳಿನಿಂದ ಮೆಲ್ಲಗೆ ತೆಗೆದರು. ಪದರ ಪದರವಾಗಿ ಬಂತು. ಹೋದ ದೀಪಾವಳಿಯ ಅಮಾವಾಸ್ಯೆ, ಅದರ ಹಿಂದಿನ ಆಡಿ ತಿಂಗಳ ಅಮಾವಾಸ್ಯೆ, ಎದುರು ಮನೆಯಾಕೆಯ ಕಣ್ಣು, ಎಲ್ಲ. ಚಿಪ್ಪು ತುಂಬಿತು. ಚಿಕ್ಕತ್ತೆ ಇನ್ನೊಂದು ಚಿಪ್ಪು ತಂದರು. ಅದೂ ತುಂಬಿತು. ಎರಡನ್ನೂ ಅಕ್ಕತಂಗಿ ಸೇರಿ ಒಂದು ತೆಂಗಿನ ಬುಡಕ್ಕೆ ಸುರಿದು ಮಣ್ಣು ಮುಚ್ಚಿದರು.

"ದೀಪ ವಂಡಿಗೆ ಕಣ್ಣು ತಾನೆ?" ಎಂದರು ಅತ್ತೆ ಕೈ ತೊಳೆಯುತ್ತಾ. "ಕಣ್ಣಿಗೆ ಯಾರಾದ್ರೂ ಚಂದನ ಪೂಸ್ತಾರಾ? ಹಣೆಗೆ ಪೂಸಬೇಕು. ಮೊದಲ ದಿನವೇ ತಪ್ಪಾಗೋಗಿದೆ. ಇಷ್ಟು ಜನ ಓದಿದೋರು ಇದ್ದೀರಿ, ಒಬ್ಬರಾದ್ರೂ ಹೇಳಬಾರ್ದಾ?"

ನಮ್ಮವರು ದೀಪ ಹಾಕಿದರು. ಅಬ್ಬಾ! ಸುಣ್ಣದ ಗೋಡೆ ಉರಿದೆದ್ದಿತು. ಹಸು ಮುಖ ತಿರುಗಿಸಿತು. ತೋಟದ ಆ ತುದಿಯ ತೆಂಗಿನ ಮೇಲೆ ಮಲಗಿದ್ದ ಕಾಗೆಗಳೆಲ್ಲ ಬೆಳಗಾಯಿತೆಂದು ಕೂಗತೊಡಗಿದವು. ಚಿಕ್ಕತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು, "ಏ ಆರಿಸೋ, ಆರಿಸೋ! ಪಕ್ಕದ ತೋಟದೋರು ಎದ್ದು ಬರ್ತಾರೆ!" ಎಂದು ಕೂಗಿದರು.

ವಾಪಸು ಬರುವಾಗ ನಮ್ಮ ಬಿಳಿ ಬೆಳಕಿಗೆ ಎದುರಿನ ಬೈಕಿನವರೆಲ್ಲ ಹಣೆಗೆ ಕೈ ಅಡ್ಡ ಹಿಡಿದರು. ಕೆಲವರು ಬೈದರು. "ನೋಡು ನಾಗು, ಕುಂಬಿಡ್ತಾ ಇದಾರೆ, ಕೈ ಮುಗೀತಾ ಇದಾರೆ," ಎಂದರು ಅತ್ತೆ, ತಾವೂ ಒಬ್ಬೊಬ್ಬರಿಗೂ ಕೈ ಎತ್ತಿ ಆಶೀರ್ವಾದ ಮಾಡುತ್ತಾ. ನಮ್ಮವರು ನಾಚಿಕೆಯಿಂದ ಸೀಟಿನಲ್ಲಿ ಕುಸಿದು ಕುಸಿದು, ಪೋತ್ತನೂರು ಮುಟ್ಟುವಾಗ ಸ್ಟೇರಿಂಗಿನ ಮೇಲೆ ಬರೀ ಕಣ್ಣು ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ. "ನಿಮ್ಮ ವರ್ಕ್‌ಶಾಪಿನಲ್ಲಿ ಸಿಗ್ನಲ್ ದೀಪ ಮಂಕಾದರೆ ಮೊದಲು ಏನು ಮಾಡ್ತಿದ್ರಿ?"

"ಗಾಜು ಒರೆಸೋದು. ಅದೇ ಮೊದಲ ರೂಲು."

"ಮತ್ತೆ ಇದಕ್ಕೆ?"

"ಅದು ರೈಲ್ವೆದು. ಇದು ಅಮ್ಮನದು."

ಚಿಕ್ಕತ್ತೆಯ ಲಾಂದ್ರ ಮಾತ್ರ ನನ್ನ ತಲೆಯಲ್ಲಿ ಉರಿಯುತ್ತಲೇ ಇದೆ. ನಮ್ಮ ಮನೆಯಲ್ಲಿ ಗ್ರೈಂಡರ್ ಓಡುವಾಗ ಟಿವಿ ಕೇಳಿಸುವುದಿಲ್ಲ ಎಂದು ನಮ್ಮವರು ಟಿವಿ ಸೌಂಡ್ ಏರಿಸುತ್ತಾರೆ. ಟಿವಿ ಗಲಾಟೆಯಲ್ಲಿ ಅತ್ತೆಗೆ ಫೋನು ಕೇಳಿಸುವುದಿಲ್ಲ, ಅವರು ದನಿ ಏರಿಸುತ್ತಾರೆ. ನಾನು ಎಲ್ಲರ ಮೇಲೂ ಏರಿಸುತ್ತೇನೆ. ಗ್ರೈಂಡರ್ ನಿಲ್ಲಿಸುವುದು ಯಾರಿಗೂ ಹೊಳೆದಿಲ್ಲ. ಮದುವೆ ಮಂಟಪದ ಮೈಕಿನವನಿಂದ ಹಿಡಿದು ಓಟು ಕೇಳಲು ಬರುವವರ ತನಕ ಎಲ್ಲರ ಕೈಯೂ ಬತ್ತಿಯ ತಿರುಪಿನ ಮೇಲೆ. ಒರೆಸುವ ಬಟ್ಟೆ ಹಿಡಿದವರು ಯಾರು? ಅದಕ್ಕೆ ಉಪ್ಪಿಲ್ಲದ ಸಾರು ಬಡಿಸುವ ಒಬ್ಬ ತಂಗಿಯೇ ಬೇಕೇನೋ.

ಎಲ್‌ಇಡಿ ತೆಗೆಸಲು ಮತ್ತೆ ಅಂಗಡಿಗೆ ಹೋದೆವು. ಡ್ರಾಯರಿನ ಹಳೆಯ ಬಲ್ಬುಗಳನ್ನೇ ಹಾಕಿಸಿದೆವು. ಬೇಕಾದಷ್ಟು ಕಾಣುತ್ತದೆ, ಆನೈಮಲೈ ತನಕ ಅಲ್ಲ, ಮುಂದಿನ ಟ್ರ್ಯಾಕ್ಟರಿನ ತನಕ. ಅಂಗಡಿಯವನು ಫಳಫಳ ಹೊಳೆಯುವ ದೀಪಗಳನ್ನು ನೋಡಿ ಗಾಬರಿಯಾದ. "ಸಾಮಿ ಎಂಗೇಂಗ?" ದೇವರೆಲ್ಲಿ?

"ಆನೈಮಲೈಯಲ್ಲಿ. ತೆಂಗಿನ ಮರದ ಕೆಳಗೆ," ಎಂದರು ನಮ್ಮವರು.

ಈ ಅಮಾವಾಸ್ಯೆ ಬೆಳಿಗ್ಗೆ ನಾವು ಎದ್ದು ಬರುವಷ್ಟರಲ್ಲಿ ಅತ್ತೆ ಕಾರಿನ ಪೂಜೆ ಮುಗಿಸಿ, ಚಪ್ಪಲಿ ಹಾಕಿ, ಮುಂದಿನ ಸೀಟಿನಲ್ಲಿ ಕೂತಿದ್ದರು. ಹೆಡ್‌ಲೈಟುಗಳಲ್ಲಿ ಒಂದು ಕಲೆಯೂ ಇಲ್ಲ. ನಮ್ಮವರು ಸಂತೋಷದಿಂದ ಬಾಗಿಲು ತೆಗೆದು, ಕೂತು, ಎದುರಿಗೆ ನೋಡಿ, ಕೀ ತಿರುಗಿಸುವುದನ್ನೇ ಮರೆತರು. ಮುಂದಿನ ಗಾಜಿನ ಮೇಲೆ, ಸರಿಯಾಗಿ ಅವರ ಮುಖದ ಎದುರಿಗೆ, ಅಂಗೈ ಅಗಲ ಚಂದನ. ನಡುವೆ ಕುಂಕುಮ.

"ಹಣೆ ಅಂದ್ರೆ ಕಣ್ಣಿನ ಮೇಲೆ ತಾನೆ?" ಎಂದರು ಅತ್ತೆ. "ಅದೂ ಓಡಿಸೋನ ಕಡೆಗೇ ಇರಲಿ ಅಂತ."

ನಮ್ಮವರು ಈಗ ಸ್ವಲ್ಪ ಎಡಕ್ಕೆ ವಾಲಿಕೊಂಡು, ಚಂದನದ ಪಕ್ಕದಲ್ಲಿ ಇಣುಕುತ್ತಾ, ಕಾರು ಓಡಿಸುತ್ತಿದ್ದಾರೆ. ಇದನ್ನೂ ಅತ್ತೆಗೆ ಹೇಳಬಲ್ಲ ಆ ತಂಗಿಯ ಮನೆ ಬರಲಿ ಎಂದು ಕಾಯುತ್ತಿದ್ದಾರೆ.